ರೆಫರಿಯನ್ನು ಎಲ್ಲಿ ಕೂತು ನೋಡಬೇಕು: ಕಂಠೀರವ, ಮನೆಯ ಟಿ.ವಿ., ಅಶೋಕನಗರ

2023ರ ಮಾರ್ಚ್ 3ರ ರಾತ್ರಿ ನಾನು ಶ್ರೀ ಕಂಠೀರವ ಕ್ರೀಡಾಂಗಣದ ಪಶ್ಚಿಮ ಸ್ಟ್ಯಾಂಡಿನಲ್ಲಿದ್ದೆ. ಬೆಂಗಳೂರು ಎಫ್‌ಸಿ ಮತ್ತು ಕೇರಳ ಬ್ಲಾಸ್ಟರ್ಸ್ ನಡುವಿನ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಪ್ಲೇ ಆಫ್ ಪಂದ್ಯ ಗೋಲಿಲ್ಲದೆ ಹೆಚ್ಚುವರಿ ಅವಧಿಗೆ ಹೋಗಿತ್ತು. ನಮಗೆ ಫ್ರೀ ಕಿಕ್ ಸಿಕ್ಕಿತು, ಬ್ಲಾಸ್ಟರ್ಸ್ ಆಟಗಾರರು ಇನ್ನೂ ಚೆಂಡಿಗೆ ಅಡ್ಡವಾಗಿ ಸಾಲುನಿಂತು ಗೋಡೆ ಕಟ್ಟಿಕೊಳ್ಳುತ್ತಿದ್ದರು, ಅಷ್ಟರಲ್ಲಿ ಸುನಿಲ್ ಚೆಟ್ರಿ ಚೆಂಡನ್ನು ಬಲೆಗೆ ಸೇರಿಸಿಬಿಟ್ಟರು. ರೆಫರಿ ಗೋಲು ಕೊಟ್ಟರು. ಎದುರು ತಂಡದ ಕೋಚ್ ಇವಾನ್ ವುಕೊಮಾನೊವಿಚ್ ತಮ್ಮ ಆಟಗಾರರನ್ನು ಮೈದಾನದಿಂದ ಹೊರಗೆ ಕರೆದುಕೊಂಡು ಹೋದರು. ನನ್ನ ಸುತ್ತಲಿನ ಸಾವಿರಾರು ಜನರಲ್ಲಿ ಒಬ್ಬರಿಗೂ ಆ ಗೋಲಿನ ಬಗ್ಗೆ ಅನುಮಾನವಿರಲಿಲ್ಲ. ಮನೆಗೆ ಬಂದು ಮರುಪ್ರಸಾರ ನೋಡಿದಾಗ ನನಗೇ ಸಣ್ಣದೊಂದು ಅನುಮಾನ ಹುಟ್ಟಿತು. ಸೋಮವಾರ ಕಚೇರಿಗೆ ಹೋದರೆ, ಅದೇ ಪಂದ್ಯವನ್ನು ಮಲಯಾಳಂ ವಿವರಣೆಯೊಂದಿಗೆ ನೋಡಿದ್ದ ಕೋಯಿಕ್ಕೋಡಿನ ಸಹೋದ್ಯೋಗಿಗೆ ಅದು ಹಗಲುದರೋಡೆಯಾಗಿ ಕಂಡಿತ್ತು.

ಹತ್ತು ಸೆಕೆಂಡಿನ ಆಟದ ಬಗ್ಗೆ ಹೀಗೆ ಮೂರು ಅಭಿಪ್ರಾಯಗಳು ಹುಟ್ಟಿದ್ದರಿಂದ, ಆಮೇಲಿನ ಎರಡು ಋತುಗಳಲ್ಲಿ ನಾನೊಂದು ಪ್ರಯೋಗಕ್ಕೆ ಇಳಿದೆ. ನಮ್ಮ ಊರಿನ ಫುಟ್‌ಬಾಲನ್ನು ಕಂಠೀರವದಲ್ಲಿ, ಮನೆಯ ಟಿ.ವಿ.ಯಲ್ಲಿ ಮತ್ತು ಅಶೋಕನಗರದ ಬೆಂಗಳೂರು ಫುಟ್‌ಬಾಲ್ ಕ್ರೀಡಾಂಗಣದಲ್ಲಿ ಸರದಿಯಂತೆ ನೋಡುತ್ತ, ಒಂದೇ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತ ಹೋದೆ. ಸಹಾಯಕ ರೆಫರಿಯ ಬಾವುಟ ಏಳುವ ಮೊದಲೇ ನನ್ನ ತೀರ್ಪನ್ನು ಮನಸ್ಸಿನಲ್ಲಿ ನಿಶ್ಚಯಿಸಿಕೊಳ್ಳುವುದು ಮತ್ತು ಸೋತಾಗಲೂ ಅದನ್ನು ತಿದ್ದದಿರುವುದು ನಾನೇ ಹಾಕಿಕೊಂಡ ಶಿಸ್ತು. ಎರಡನೆಯದನ್ನು ಪಾಲಿಸುವುದು ಎಷ್ಟು ಕಷ್ಟವೆಂಬುದು ಅಭಿಮಾನಿಗಳಿಗೆ ಗೊತ್ತಿರುತ್ತದೆ.

ಮೊದಲು ಕಂಠೀರವ. ಇಲ್ಲಿ ಮೈದಾನಕ್ಕೂ ಪ್ರೇಕ್ಷಕರಿಗೂ ನಡುವೆ ಅಥ್ಲೆಟಿಕ್ಸ್ ಟ್ರ್ಯಾಕ್ ಇದೆ. ಓಟಗಾರರಿಗೆ ಅದು ವರ; ಫುಟ್‌ಬಾಲ್ ನೋಡುವವನಿಗೆ ಮಾತ್ರ ಆಟಗಾರನ ಮುಖವನ್ನೂ ರೆಫರಿಯ ಮಾತನ್ನೂ ಕಸಿದುಕೊಳ್ಳುವ ದೂರ. ಆಫ್‌ಸೈಡ್ (ದಾಳಿಗಾರ ಎದುರಾಳಿಗಳನ್ನು ದಾಟಿ ಮುಂದೆ ನಿಂತು ಪಾಸ್ ಪಡೆಯುವ ತಪ್ಪು) ತೀರ್ಮಾನಿಸಬೇಕಾದರೆ ಕೊನೆಯಿಂದ ಎರಡನೆಯ ಎದುರಾಳಿಯ ನೇರಕ್ಕೆ ಕಣ್ಣಿರಬೇಕು. ನಮ್ಮ ಆಸನವೋ ಪಂದ್ಯ ಪೂರ್ತಿ ಒಂದೇ ಕಡೆ ಇರುತ್ತದೆ. ಹಾಗಾಗಿ ಕಂಠೀರವದಲ್ಲಿ ಕೂತು ಆಫ್‌ಸೈಡ್ ಬಗ್ಗೆ ಕೂಗುವುದೆಲ್ಲ ಬರಿಯ ಭಕ್ತಿ ಎಂದು ನನ್ನ ನೋಟ್‌ಬುಕ್ಕಿನ ಮೊದಲ ಪುಟದಲ್ಲೇ ಇದೆ. ಆದರೆ ತಂಡದ ಒಟ್ಟು ರಚನೆ ಇಲ್ಲಿ ಕಾಣುವಷ್ಟು ಟಿ.ವಿ.ಯಲ್ಲಿ ಎಂದೂ ಕಾಣುವುದಿಲ್ಲ. 2018ರ ಮಾರ್ಚ್ 17ರ ಐಎಸ್‌ಎಲ್ ಫೈನಲ್‌ನಲ್ಲಿ, ಚೆಟ್ರಿಯವರ ಗೋಲಿನಿಂದ ನಾವು ಮುನ್ನಡೆ ಪಡೆದ ಮೇಲೆ, ಚೆನ್ನೈಯಿನ್ ಎಫ್‌ಸಿಯ ಮೈಲ್ಸನ್ ಆಲ್ವೆಸ್ ಕಾರ್ನರ್‌ಗಳಿಂದ ಬಂದ ಚೆಂಡಿಗೆ ಎರಡು ಸಲ ತಲೆಯೊಡ್ಡಿದರು. ಎರಡನೆಯ ಸಲ ಚೆಂಡು ಬರುವ ಮೊದಲೇ ಅವರು ನಮ್ಮವರಿಂದ ಬಿಡಿಸಿಕೊಂಡದ್ದು ಮೇಲಿನ ಸಾಲಿನಲ್ಲಿದ್ದ ನಮಗೆ ಕಂಡಿತ್ತು. ಆ ಪಂದ್ಯವನ್ನು ನಾವು 3-2ರಿಂದ ಸೋತೆವು. ಅಂದು ರೆಫರಿಯನ್ನು ಬೈಯಲು ನೆಪವೇ ಸಿಕ್ಕದೆ ಸುಮ್ಮನೆ ಕಬ್ಬನ್ ಪಾರ್ಕ್ ಮೆಟ್ರೋವರೆಗೆ ನಡೆದೆವು.

ಕಂಠೀರವದೊಳಗೇ ಜಾಗ ಬದಲಿಸಿ ನೋಡಿದ್ದು ಇನ್ನೂ ಹೆಚ್ಚು ಕಲಿಸಿತು. ವೆಸ್ಟ್ ಬ್ಲಾಕ್ ಬ್ಲೂಸ್ ಅಭಿಮಾನಿಗಳ ನಡುವೆ, ಡ್ರಮ್ಮಿನ ಪಕ್ಕ ನಿಂತ ದಿನಗಳಲ್ಲಿ ನಾನು ರೆಫರಿಯ ತಪ್ಪುಗಳನ್ನು ಪುಟ ತುಂಬ ಬರೆದಿದ್ದೇನೆ. ಎದುರಿನ ಸ್ಟ್ಯಾಂಡಿನಲ್ಲಿ, ಮಕ್ಕಳನ್ನು ಕರೆತಂದ ಕುಟುಂಬಗಳ ಮಧ್ಯೆ ಕೂತ ದಿನಗಳಲ್ಲಿ ಪುಟದ ಅರ್ಧವೂ ತುಂಬಿಲ್ಲ. ಬೇರೆ ಬೇರೆ ರೆಫರಿಗಳು, ಬೇರೆ ಬೇರೆ ಪಂದ್ಯಗಳು, ನಿಜ. ಆದರೂ ತಪ್ಪುಗಳ ಒಂದು ಪಾಲು ಡ್ರಮ್ಮಿನೊಳಗಿಂದಲೇ ಬರುತ್ತಿತ್ತೆಂದು ಒಪ್ಪಿಕೊಳ್ಳಲೇಬೇಕು.

ಟಿ.ವಿ.ಯ ಬಲವೆಲ್ಲ ಮರುಪ್ರಸಾರದಲ್ಲಿದೆ, ಅದರ ಮೋಸವೂ ಅಲ್ಲೇ ಇದೆ. 2025ರ ಏಪ್ರಿಲ್ 12ರಂದು ಕೋಲ್ಕತ್ತದ ಸಾಲ್ಟ್ ಲೇಕ್‌ನಲ್ಲಿ ನಡೆದ ಫೈನಲ್‌ನಲ್ಲಿ ನಾವು ಒಂದು ಗೋಲಿನ ಮುನ್ನಡೆಯಲ್ಲಿದ್ದಾಗ ಚೆಂಡು ಚಿಂಗ್ಲೆನ್‌ಸಾನಾ ಸಿಂಗ್ ಅವರ ಕೈಗೆ ತಗುಲಿ ಮೋಹನ್ ಬಾಗಾನ್‌ಗೆ ಪೆನಾಲ್ಟಿ ಸಿಕ್ಕಿತು. ಜೇಸನ್ ಕಮಿಂಗ್ಸ್ ಅದನ್ನು ಗೋಲಾಗಿಸಿದರು, ಹೆಚ್ಚುವರಿ ಅವಧಿಯಲ್ಲಿ ಜೇಮೀ ಮೆಕ್ಲಾರೆನ್ ಪಂದ್ಯವನ್ನೇ ಕಸಿದುಕೊಂಡರು. ಆ ಕೈಯನ್ನು ನಾನು ನಿಧಾನಗತಿಯಲ್ಲಿ ಮತ್ತೆ ಮತ್ತೆ ನೋಡಿದ್ದೇನೆ. ಪ್ರತಿ ಸಲ ನೋಡಿದಾಗಲೂ ಕೈ ಇನ್ನಷ್ಟು ಬೇಕೆಂದೇ ಚಾಚಿದಂತೆ ಕಾಣುತ್ತ ಹೋಯಿತು, ಏಕೆಂದರೆ ನಿಧಾನಗತಿಯಲ್ಲಿ ಆಟಗಾರನಿಗೆ ಯೋಚಿಸಲು ಹೇರಳ ಸಮಯವಿದ್ದಂತೆ ನಮಗೆ ಭಾಸವಾಗುತ್ತದೆ. ನಿಯಮ ಕೇಳುವುದು ಮುಖ್ಯವಾಗಿ ಎರಡನ್ನು: ಚೆಂಡನ್ನು ಬೇಕೆಂದೇ ಮುಟ್ಟಿದ್ದೇ, ಇಲ್ಲವಾದರೆ ಕೈಯ ನಿಲುವು ದೇಹವನ್ನು ಅಸಹಜವಾಗಿ ಹಿಗ್ಗಿಸಿತ್ತೇ. ಎರಡಕ್ಕೂ ಉತ್ತರ ಹೇಳಬೇಕಾದ ರೆಫರಿಗೆ ಐಎಸ್‌ಎಲ್‌ನಲ್ಲಿ ವಿಡಿಯೊ ನೆರವು ಇರಲಿಲ್ಲ. ಸೋಫಾದ ಮೇಲೆ ಕೂತವನಿಗೆ ಹತ್ತು ನೋಟ, ಓಡುತ್ತಿರುವವರಿಗೆ ಒಂದೇ ನೋಟ. ಮನೆಯಲ್ಲಿ ಕೂತು ನಾನು ಬರೆದ ತೀರ್ಪುಗಳೇ ಹೆಚ್ಚು ಸರಿಯಾಗಿದ್ದವು, ಹೆಚ್ಚು ಅನ್ಯಾಯದವೂ ಅವೇ ಆಗಿದ್ದವು.

ವೀಕ್ಷಕ ವಿವರಣೆಯ ಮಾತನ್ನು ಇಲ್ಲೇ ಹೇಳಿಬಿಡಬೇಕು. ಇಂಗ್ಲಿಷ್ ವಿವರಣೆ ಆಟಗಾರರ ಹೆಸರುಗಳಲ್ಲೂ ನಿಯಮಗಳಲ್ಲೂ ಎಡವುವುದು ಕಡಿಮೆ. ಆದರೆ ಅದು ಎಲ್ಲಿಯೋ ದೂರದ ಸ್ಟುಡಿಯೊದ ದನಿ, ಸ್ಟ್ಯಾಂಡಿನ ಬಿಸಿ ಅದಕ್ಕೆ ತಟ್ಟುವುದಿಲ್ಲ. ಕನ್ನಡದಲ್ಲಿ ನಾನು ಕೇಳಿದ ವಿವರಣೆಗೆ ಬಿಸಿ ಇತ್ತು, ಆದರೆ ಲಯ ಕ್ರಿಕೆಟ್ಟಿನದಾಗಿತ್ತು. ಕ್ರಿಕೆಟ್ಟಿನಲ್ಲಿ ಚೆಂಡಿಗೂ ಚೆಂಡಿಗೂ ನಡುವೆ ಮಾತಿಗೆ ಬಿಡುವಿರುತ್ತದೆ. ಫುಟ್‌ಬಾಲ್‌ನಲ್ಲಿ ಹಿಂದಿನ ದಾಳಿಯನ್ನು ವರ್ಣಿಸಿ ಮುಗಿಸುವಷ್ಟರಲ್ಲಿ ಚೆಂಡು ಇನ್ನೊಂದು ತುದಿ ಸೇರಿರುತ್ತದೆ. ಮಲಯಾಳಂ ಈ ತೊಡಕನ್ನು ಎಂದೋ ದಾಟಿದೆ. ಶೈಜು ದಾಮೋದರನ್ ಅವರ ದನಿಯನ್ನು ಭಾಷೆ ಬಾರದವರೂ ಹುಡುಕಿ ಕೇಳುವುದನ್ನು ನೋಡಿದರೆ ಹೊಟ್ಟೆಕಿಚ್ಚಾಗುತ್ತದೆ. 2022ರ ವಿಶ್ವಕಪ್ ನಮ್ಮ ದೇಶದಲ್ಲಿ ತಮಿಳು, ಮಲಯಾಳಂ, ಬಂಗಾಳಿಗಳಲ್ಲೂ ಪ್ರಸಾರವಾಯಿತು, ಕನ್ನಡದಲ್ಲಿ ಆಗಲಿಲ್ಲ. ನಮ್ಮಲ್ಲಿ ದನಿಗಳಿಲ್ಲವೆಂದು ಯಾರಾದರೂ ಹೇಳಿದರೆ ಮಾತ್ರ ನಾನು ಒಪ್ಪಲಾರೆ. ನಾನು ಬೆಳೆದದ್ದು ಮಂಗಳೂರಿನಲ್ಲಿ. ನೆಹರೂ ಮೈದಾನದ ಟೂರ್ನಿಗಳಲ್ಲಿ ಕಸಬಾ ಬೆಂಗ್ರೆಯ ಹುಡುಗರು ಆಡುವಾಗ ಮೈಕಿನಲ್ಲಿ ಕನ್ನಡ, ತುಳು, ಬ್ಯಾರಿ ಮೂರನ್ನೂ ಕಲಸಿ ಹೇಳುತ್ತಿದ್ದ ವಿವರಣೆ ಚೆಂಡಿನಷ್ಟೇ ವೇಗವಾಗಿ ಓಡುತ್ತಿತ್ತು, ಚೆಂಡು ಔಟಾದಾಗ ತಾನೂ ನಿಲ್ಲುತ್ತಿತ್ತು. ಈಗ ಟಿ.ವಿ.ಯಲ್ಲಿ ಪಂದ್ಯ ನೋಡುವಾಗ ನಾನು ದನಿ ಕಡಿಮೆ ಮಾಡಿ ಸ್ಟ್ಯಾಂಡಿನ ಗದ್ದಲವನ್ನಷ್ಟೇ ಉಳಿಸಿಕೊಳ್ಳುತ್ತೇನೆ. ಮೊಬೈಲ್ ಆ್ಯಪ್‌ಗಳ ಬಗ್ಗೆ ಬರೆಯುವುದೇನೂ ಇಲ್ಲ: ನೆರೆಮನೆಯಿಂದ ಗೋಲಿನ ಕೂಗು ಕೇಳಿ ಅರ್ಧ ನಿಮಿಷದ ಮೇಲೆ ನನ್ನ ಪರದೆಯಲ್ಲಿ ಅದೇ ಗೋಲು ಬರುವುದಾದರೆ, ಅದನ್ನು ನೇರಪ್ರಸಾರವೆಂದು ಕರೆಯಲು ಮನಸ್ಸು ಬರುವುದಿಲ್ಲ.

ಅಶೋಕನಗರದ ಕ್ರೀಡಾಂಗಣ ಗರುಡಾ ಮಾಲ್‌ನ ಹತ್ತಿರವಿದೆ. ಬೆಂಗಳೂರು ಎಫ್‌ಸಿ 2013-14ರಲ್ಲಿ ತನ್ನ ಮೊದಲ ಐ-ಲೀಗ್ (ಆಗಿನ ರಾಷ್ಟ್ರೀಯ ಲೀಗ್) ಆಡಿ, ಅದೇ ವರ್ಷ ಪ್ರಶಸ್ತಿ ಗೆದ್ದಾಗ ಅದರ ಮನೆ ಇದೇ ಆಗಿತ್ತು. ಕ್ಲಬ್ ಕಂಠೀರವಕ್ಕೆ ಹೋದ ಮೇಲೆ ನನ್ನಂಥವರು ಈ ಕಡೆ ತಿರುಗಿ ನೋಡಿರಲಿಲ್ಲ. ಇಲ್ಲಿ ನಡೆಯುವುದು ನಗರದ ಸೂಪರ್ ಡಿವಿಷನ್ ಲೀಗ್. ಎಂಇಜಿ, ಎಎಸ್‌ಸಿ, ಎಡಿಇ, ಕಿಕ್‌ಸ್ಟಾರ್ಟ್, ಕೊಡಗು ಎಫ್‌ಸಿ ಮುಂತಾದ ತಂಡಗಳ ಲೀಗ್. ಸುಡುವ ಮಧ್ಯಾಹ್ನ, ಕೃತಕ ಹುಲ್ಲು, ಕಾಂಕ್ರೀಟ್ ಮೆಟ್ಟಿಲುಗಳು, ಕೈಬೆರಳೆಣಿಕೆಯಲ್ಲದಿದ್ದರೂ ತಲೆಯೆಣಿಸಬಹುದಾದಷ್ಟು ಪ್ರೇಕ್ಷಕರು. ನಾನು ಹೋದ ದಿನಗಳಲ್ಲಿ ಟಿಕೆಟ್ ಕೇಳಿದವರಿಲ್ಲ. ಓಟದ ಟ್ರ್ಯಾಕ್ ಇಲ್ಲದ ಕಾರಣ ಹದಿನೆಂಟು ಗಜದ ಗೆರೆಯ ನೇರಕ್ಕೆ ಹೋಗಿ ಕೂರಬಹುದು, ದಾಳಿ ಬದಲಾದರೆ ಎದ್ದು ಇನ್ನೊಂದು ತುದಿಗೆ ನಡೆಯಬಹುದು. ಆಫ್‌ಸೈಡಿನಲ್ಲಿ ನನ್ನ ತೀರ್ಪೂ ಬಾವುಟವೂ ಹೆಚ್ಚಾಗಿ ಕೂಡಿಬಂದದ್ದು ಇಲ್ಲಿ ಮಾತ್ರ.

ಇಲ್ಲಿನ ಪ್ರೇಕ್ಷಕರು ಬೇರೆಯೇ ಬಗೆಯವರು. ಆಸ್ಟಿನ್ ಟೌನ್‌ನಿಂದ, ಪೆಲೆಯ ಪ್ರತಿಮೆ ನಿಲ್ಲಿಸಿಕೊಂಡಿರುವ ಗೌತಮಪುರದಿಂದ ಬರುವ ಹಿರಿಯರು ಕನ್ನಡ, ತಮಿಳು, ದಖನಿಗಳ ನಡುವೆ ಸಲೀಸಾಗಿ ಓಡಾಡುತ್ತ ಮಾತನಾಡುತ್ತಾರೆ. 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ಮುಂಬೈಯಲ್ಲಿ ರೋವರ್ಸ್ ಕಪ್ ಗೆದ್ದದ್ದನ್ನೂ ಮೈಸೂರು ರಾಜ್ಯ ನಾಲ್ಕು ಸಲ ರಾಜ್ಯ ತಂಡಗಳ ಸಂತೋಷ್ ಟ್ರೋಫಿ ಗೆದ್ದದ್ದನ್ನೂ ಅವರು ನಿನ್ನೆಯ ಸುದ್ದಿಯಂತೆ ಹೇಳುತ್ತಾರೆ. ರೆಫರಿಯನ್ನು ಬೈಯುವುದರಲ್ಲಿ ಕಂಠೀರವದವರಿಗಿಂತ ಅವರೇನೂ ಕಡಿಮೆಯಲ್ಲ, ಆದರೆ ಬೈಗುಳಕ್ಕೆ ಕಾರಣ ಕೊಡುತ್ತಾರೆ. ಒಂದು ಪೆನಾಲ್ಟಿ ಸಿಗಲಿಲ್ಲವೆಂದು ನಾನು ಗೊಣಗಿದಾಗ ಪಕ್ಕದಲ್ಲಿದ್ದ ಹಿರಿಯರೊಬ್ಬರು, ‘ಸಾರ್, ನೀವು ಚೆಂಡನ್ನೇ ನೋಡ್ತಾ ಇದೀರಿ. ರೆಫರಿ ಎಲ್ಲಿ ನಿಂತವ್ರೆ ನೋಡಿ. ಅಲ್ಲಿಂದ ಅವ್ರಿಗೆ ಬೆನ್ನು ಬಿಟ್ರೆ ಏನು ಕಾಣ್ಸುತ್ತೆ?’ ಎಂದರು.

ಈ ಇಡೀ ಪ್ರಯೋಗದಲ್ಲಿ ನನ್ನ ಕೈಗೆ ಸಿಕ್ಕ ನಿಜವಾದ ಸಂಗತಿ ಈ ಒಂದು ಮಾತು. ರೆಫರಿ ಮೈದಾನದಲ್ಲಿ ಮನಬಂದಂತೆ ಓಡುವುದಿಲ್ಲ. ಒಂದು ಮೂಲೆಯ ಕಡೆಯಿಂದ ಎದುರು ಮೂಲೆಯ ಕಡೆಗೆ ಓರೆಯಾಗಿ ಓಡುತ್ತ, ಉಳಿದ ಎರಡು ಮೂಲೆಗಳ ಕಡೆಯ ಆಟವನ್ನು ತಮಗೂ ಸಹಾಯಕ ರೆಫರಿಗೂ ನಡುವೆ ಇರುವಂತೆ ನೋಡಿಕೊಳ್ಳುತ್ತಾರೆ. ಆ ಓರೆಯನ್ನು ಹಿಡಿದ ಮೇಲೆ, ತಪ್ಪಾದ ತೀರ್ಪುಗಳಲ್ಲಿ ಹಲವು ನನಗೆ ಪಕ್ಷಪಾತವಾಗಿ ಕಾಣದೆ, ತಡವಾದ ಎರಡು ಹೆಜ್ಜೆಯಾಗಿ ಕಾಣತೊಡಗಿದವು. ಇಲ್ಲಿ ರೆಫರಿಯ ದನಿಯೂ ಕೇಳುತ್ತದೆ. ಫ್ರೀ ಕಿಕ್ ಸಿಕ್ಕಾಗ ಅವರು ಆಟಗಾರನಿಗೆ ಸೀಟಿ ತೋರಿಸಿ ‘ಕಾಯಿರಿ’ ಎಂದು ಹೇಳುವುದು, ಹೇಳದೆ ಸುಮ್ಮನೆ ಪಕ್ಕಕ್ಕೆ ಸರಿಯುವುದು, ಎರಡೂ ಮೆಟ್ಟಿಲ ಮೇಲೆ ಕೂತವನಿಗೆ ಗೊತ್ತಾಗುತ್ತದೆ. ಫ್ರೀ ಕಿಕ್ ಪಡೆದ ತಂಡ ಎದುರಾಳಿಗಳು 9.15 ಮೀಟರ್ ದೂರ ಹೋಗಬೇಕೆಂದು ಕೇಳಿ, ರೆಫರಿ ಗೋಡೆಯನ್ನು ಹಿಂದೆ ಸರಿಸಲು ತೊಡಗಿದರೆ ಸೀಟಿಗೆ ಕಾಯಬೇಕು. ಅದಿಲ್ಲವಾದರೆ ಚೆಂಡನ್ನು ತಕ್ಷಣ ಒದೆಯಬಹುದು. ಚೆಟ್ರಿಯವರ ಆ ಗೋಲಿನ ವಿವಾದವೆಲ್ಲ ನಿಂತದ್ದು ಈ ಒಂದು ಸನ್ನೆಯ ಮೇಲೆ. ಕಂಠೀರವದ ಸ್ಟ್ಯಾಂಡಿನಿಂದ ನನಗೆ ಅದು ಕಂಡಿರಲಿಲ್ಲ, ಟಿ.ವಿ.ಯಲ್ಲಿ ಕೇಳಿಸಿರಲಿಲ್ಲ. ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ ಬ್ಲಾಸ್ಟರ್ಸ್‌ನ ದೂರನ್ನು ತಳ್ಳಿಹಾಕಿ ಕ್ಲಬ್‌ಗೆ 4 ಕೋಟಿ ರೂಪಾಯಿ ದಂಡವನ್ನೂ ಕೋಚ್‌ಗೆ 10 ಪಂದ್ಯಗಳ ನಿಷೇಧವನ್ನೂ ವಿಧಿಸಿತು. ತೀರ್ಪು ಸರಿಯೆಂದೇ ನಾನೂ ನಂಬುತ್ತೇನೆ. ಆದರೆ ಆ ರಾತ್ರಿ ನಾನು ಅದನ್ನು ನಂಬಿದ್ದು ಏನನ್ನೂ ಕಾಣದೆಯೇ ಎಂಬುದೂ ಅಷ್ಟೇ ನಿಜ.

ಆ ಪಂದ್ಯದ ಮರುದಿನವೇ, ಮಾರ್ಚ್ 4ರಂದು, ರಿಯಾದ್‌ನಲ್ಲಿ ಕರ್ನಾಟಕ ತಂಡ ಮೇಘಾಲಯವನ್ನು 3-2ರಿಂದ ಸೋಲಿಸಿ 54 ವರ್ಷಗಳ ಮೇಲೆ ಸಂತೋಷ್ ಟ್ರೋಫಿ ಗೆದ್ದಿತು. ನಾವೆಲ್ಲ ಫ್ರೀ ಕಿಕ್ಕಿನ ಜಗಳದಲ್ಲಿ ಮುಳುಗಿದ್ದೆವು. ಅಶೋಕನಗರದ ಮೆಟ್ಟಿಲುಗಳ ಮೇಲೆ ಇದನ್ನು ಇಂದಿಗೂ ಕ್ಷಮಿಸಿಲ್ಲ.

ಉಳಿದದ್ದು ಬಡ್ತಿಯ ಆಸೆ, ಅಂದರೆ ಕೆಳಗಿನ ಲೀಗಿನಿಂದ ಮೇಲಿನ ಲೀಗಿಗೆ ಏರುವ ಆಸೆ. ಕಂಠೀರವದಲ್ಲಿ ಅದಕ್ಕೆ ಜಾಗವೇ ಇಲ್ಲ. ಬೆಂಗಳೂರು ಎಫ್‌ಸಿ 2013ರಲ್ಲಿ ಐ-ಲೀಗ್‌ಗೆ ನೇರ ಪ್ರವೇಶ ಪಡೆಯಿತು, 2017ರಲ್ಲಿ ಬಿಡ್ ಮೂಲಕ ಐಎಸ್‌ಎಲ್‌ಗೆ ಬಂತು. ನಾನು ಪ್ರೀತಿಸುವ ಕ್ಲಬ್ ಒಂದು ಮೆಟ್ಟಿಲನ್ನೂ ಬಡ್ತಿಯಿಂದ ಹತ್ತಿಲ್ಲ. ಹಿಂಬಡ್ತಿಯ ಭಯವೂ ಇರಲಿಲ್ಲ: 2024-25ರಲ್ಲಿ ಕೊನೆಯ ಸ್ಥಾನಕ್ಕೆ ಬಿದ್ದ ಮೊಹಮ್ಮಡನ್ ಸ್ಪೋರ್ಟಿಂಗ್ ಕೂಡ ಅದಕ್ಕಾಗಿ ಕೆಳಗಿಳಿಯಬೇಕಾಗಲಿಲ್ಲ. ಆದ್ದರಿಂದ ಋತುವಿನ ಕೊನೆಯ ತಿಂಗಳಲ್ಲಿ ತಂಡ ಪಟ್ಟಿಯ ನಡುವೆ ಸಿಕ್ಕಿಕೊಂಡರೆ ರೆಫರಿಯ ತಪ್ಪಿಗೂ ಬೆಲೆ ಇರುತ್ತಿರಲಿಲ್ಲ. ಕೆಳಗಿನ ಲೀಗುಗಳಲ್ಲಿ ಹಾಗಲ್ಲ. ಇದೇ ನಗರದ ಲೀಗಿನಲ್ಲಿ ಆಡುವ ಎಸ್‌ಸಿ ಬೆಂಗಳೂರು 2024ರಲ್ಲಿ ಐ-ಲೀಗ್ 2 ಗೆದ್ದು ಐ-ಲೀಗ್‌ಗೆ ಏರಿತು, ಒಂದೇ ಋತುವಿನಲ್ಲಿ ಮತ್ತೆ ಕೆಳಗಿಳಿಯಿತು. ಅದರ ಒಂದೊಂದು ಅಂಕವನ್ನೂ ಮೆಟ್ಟಿಲ ಮೇಲಿನ ಹಿರಿಯರು ಮನೆಯ ಸಾಲದಂತೆ ಲೆಕ್ಕ ಹಾಕಿದರು. ಅದೇ ಋತುವಿನ ಐ-ಲೀಗ್ ಪ್ರಶಸ್ತಿ ಇಂಟರ್ ಕಾಶಿಗೆ ಸೇರಬೇಕೆಂದು ತೀರ್ಮಾನವಾದದ್ದು ಸ್ವಿಟ್ಜರ್ಲೆಂಡಿನ ಕ್ರೀಡಾ ನ್ಯಾಯಮಂಡಳಿಯಲ್ಲಿ, ಜುಲೈ ತಿಂಗಳಲ್ಲಿ. ಅಷ್ಟು ದೂರದ ರೆಫರಿಯನ್ನು ಯಾವ ಸ್ಟ್ಯಾಂಡಿನಿಂದಲೂ ಬೈಯಲಾಗುವುದಿಲ್ಲವಲ್ಲ ಎಂದು ಮೇಲೆ ಹೇಳಿದ ಹಿರಿಯರು ಬೇಸರಿಸಿಕೊಂಡರು.

ಒಂದನ್ನೇ ಆರಿಸಿಕೊಳ್ಳಿ ಎಂದರೆ ನಾನು ಅಶೋಕನಗರವನ್ನು ಆರಿಸಿಕೊಳ್ಳುತ್ತೇನೆ, ಆದರೆ ದುಡ್ಡನ್ನು ಕಂಠೀರವದಲ್ಲೇ ಖರ್ಚು ಮಾಡುತ್ತೇನೆ. ಹೊರಗಿನ ಊರಿನ ಪಂದ್ಯಗಳಿಗೆ ಟಿ.ವಿ. ಸಾಕು. ಕಂಠೀರವಕ್ಕೆ ಹೋದರೆ ಮೇಲಿನ ಸಾಲುಗಳಲ್ಲಿ ಕೂರುವುದು ಒಳ್ಳೆಯದು, ಡ್ರಮ್ಮಿನಿಂದ ಒಂದಿಷ್ಟು ದೂರ. ಅಶೋಕನಗರಕ್ಕೆ ಹೋಗುವವರು ತಲೆಗೊಂದು ಟೋಪಿ, ಒಂದು ಬಾಟಲಿ ನೀರು ಒಯ್ಯಬೇಕು. ಪಶ್ಚಿಮದ ಕಡೆಯ ಮೆಟ್ಟಿಲುಗಳಲ್ಲಿ ಸೂರ್ಯ ಬೆನ್ನಿಗಿರುತ್ತಾನೆ. ಅಲ್ಲಿ ಜಾಗ ಹಿಡಿಯಬೇಕಾದರೆ ಹಿರಿಯರಿಗಿಂತ ಮೊದಲು ಹೋಗಬೇಕಾಗುತ್ತದೆ, ಅದು ನನ್ನಿಂದ ಇಲ್ಲಿಯವರೆಗೂ ಸಾಧ್ಯವಾಗಿಲ್ಲ.