777 ಹಾಕಿ ‘ಸರಿಹೋಯ್ತು’ ಅಂದರೆ ನಂಬಬೇಡಿ

ಲಿನಕ್ಸ್ ಸರ್ವರ್‌ನಲ್ಲಿ ಹೊಸದಾಗಿ ಮೈಎಸ್‌ಕ್ಯೂಎಲ್ ಡೇಟಾಬೇಸ್ ಹಾಕಿಸುತ್ತಿದ್ದೀರಾ? ಇಲ್ಲಾ ಇರುವುದನ್ನೇ ಬೇರೆ ಡಿಸ್ಕ್‌ಗೆ ಸಾಗಿಸುತ್ತಿದ್ದೀರಾ? ಕೆಲಸಕ್ಕೆ ಬಂದವರು ‘ಪರ್ಮಿಷನ್ ಡಿನೈಡ್’ ನೋಡಿದ ಕೂಡಲೇ ಸಿಎಚ್‌ಮೋಡ್ 777 (ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಓಡಿಸಬಹುದು ಎನ್ನುವ ಅನುಮತಿ) ಹೊಡೆಯಲು ಹೊರಟರೆ ಅಲ್ಲೇ ತಡೆಯಿರಿ. ನಮ್ಮ ಔಷಧಿ ಹೋಲ್‌ಸೇಲ್ ಅಂಗಡಿಯಲ್ಲಿ ಅದರಿಂದ ಆದ ಪಜೀತಿ ಹೇಳ್ತೀನಿ.

ನಮ್ಮದು ಉಬುಂಟು ಲಿನಕ್ಸ್. ಬಿಲ್ಲಿಂಗ್ ಡೇಟಾ ಬೆಳೆದು ಡಿಸ್ಕ್‌ನಲ್ಲಿ ಜಾಗ ಸಾಲುತ್ತಿರಲಿಲ್ಲ. ಹೊಸ ಡಿಸ್ಕ್ ಹಾಕಿಸಿ, ಡೇಟಾಬೇಸನ್ನು ಅಲ್ಲಿಗೆ ಸಾಗಿಸಲು ಹೊರಗಿನಿಂದ ಒಬ್ಬರನ್ನು ಕರೆಸಿದೆವು. ಅವರು ಫೈಲುಗಳನ್ನು /ಡೇಟಾ/ಮೈಎಸ್‌ಕ್ಯೂಎಲ್‌ಗೆ ಕಾಪಿ ಮಾಡಿ, ಕಾನ್ಫಿಗ್ (ಸೆಟ್ಟಿಂಗ್) ಫೈಲಿನಲ್ಲಿ ಡೇಟಾಡಿರ್, ಅಂದರೆ ಡೇಟಾ ಇರುವ ಫೋಲ್ಡರಿನ ದಾರಿ, ಬದಲಿಸಿ ರೀಸ್ಟಾರ್ಟ್ ಕೊಟ್ಟರು. ಸರ್ವರ್ ಏಳಲಿಲ್ಲ. ಲಾಗ್‌ನಲ್ಲಿ ಎರರ್ ನಂಬರ್ 13, ಅಂದರೆ ಪರ್ಮಿಷನ್ ಇಲ್ಲ. ಹೊಸ ಫೋಲ್ಡರಿಗೆ 777 ಕೊಟ್ಟರು, ಆಗಲೂ ಏಳಲಿಲ್ಲ. ಆಮೇಲೆ ಕಾನ್ಫಿಗ್ ಫೈಲುಗಳಿರುವ /ಇಟಿಸಿ/ಮೈಎಸ್‌ಕ್ಯೂಎಲ್ ಒಳಗಿದ್ದದ್ದಕ್ಕೆಲ್ಲ ಒಟ್ಟಿಗೆ 777 ಕೊಟ್ಟರು. ಎದ್ದುಬಿಡ್ತು! ‘ನೋಡಿ ಸರ್, ಓಡ್ತಿದೆ’ ಅಂದು ದುಡ್ಡು ತಗೊಂಡು ಹೋದರು.

ಓಡುತ್ತಿದ್ದದ್ದು ನಿಜ. ಆದರೆ ಎಲ್ಲಿಂದ? ಕಾನ್ಫಿಗ್ ಫೈಲನ್ನು ಯಾರು ಬೇಕಾದರೂ ತಿದ್ದಬಹುದು ಎಂಬಂತಿದ್ದರೆ ಮೈಎಸ್‌ಕ್ಯೂಎಲ್ ಅದನ್ನು ಓದುವುದೇ ಇಲ್ಲ. ‘ವರ್ಲ್ಡ್ ರೈಟಬಲ್ ಕಾನ್ಫಿಗ್ ಫೈಲ್ ಈಸ್ ಇಗ್ನೋರ್ಡ್’ ಅಂತ ಒಂದು ವಾರ್ನಿಂಗ್ ಬರೆದು ಮುಂದೆ ಹೋಗುತ್ತದೆ. ಸೆಟ್ಟಿಂಗೇ ಓದದ ಮೇಲೆ ಹೊಸ ಡಿಸ್ಕ್ ಇದೆ ಅಂತ ಅದಕ್ಕೆ ಹೇಗೆ ಗೊತ್ತಾಗಬೇಕು? ಹಳೆಯ /ವಾರ್/ಲಿಬ್/ಮೈಎಸ್‌ಕ್ಯೂಎಲ್‌ಗೆ ಹೋಗಿ, ಅಲ್ಲೇ ಉಳಿದಿದ್ದ ಹಳೆ ಫೈಲುಗಳನ್ನು ತೆರೆದು ಕೂತಿತ್ತು. ಬಿಲ್‌ಗಳೆಲ್ಲ ಕಾಣುತ್ತಿದ್ದವು, ಹಾಗಾಗಿ ಯಾರಿಗೂ ಅನುಮಾನ ಬರಲಿಲ್ಲ.

ಇದರ ಮೇಲೆ, ರಾತ್ರಿ ಬ್ಯಾಕಪ್‌ ಹೊಸ ಡಿಸ್ಕ್‌ನಿಂದ ಹೋಗುವ ಹಾಗೆ ಅವರೇ ಬದಲಿಸಿದ್ದರು. ಅಂದರೆ ದಿನಾ ಅದೇ ಹಳಸಿದ ಕಾಪಿಯ ಬ್ಯಾಕಪ್! ಕೊನೆಗೆ ಹಳೆ ಡಿಸ್ಕ್ ತುಂಬಿ, ಬಿಲ್ ಸೇವ್ ಆಗದೆ ಕೌಂಟರ್ ನಿಂತಿತು. ಫೋನ್ ಮಾಡಿದರೆ ಬಂದ ಉತ್ತರ ಕೇಳಿ: ‘ಹಳೆ ಫೋಲ್ಡರ್ ಡಿಲೀಟ್ ಮಾಡಿ ಸರ್, ಜಾಗ ಆಗುತ್ತೆ.’ ಡಿಲೀಟ್ ಮಾಡುವ ಮುಂಚೆ ಫೈಲುಗಳ ತಾರೀಖು ತೋರಿಸುವ ಎಲ್‌ಎಸ್ -ಎಲ್ ಹಾಕಿ ಎರಡೂ ಫೋಲ್ಡರ್ ನೋಡಿದೆ. ಹೊಸದರಲ್ಲಿ ಎಲ್ಲ ಫೈಲುಗಳ ತಾರೀಖು ಕಾಪಿ ಮಾಡಿದ ದಿನದ ಹತ್ತಿರವೇ ನಿಂತಿತ್ತು. ಹಳೆಯದರಲ್ಲಿ ಈವತ್ತಿನದು. ಮೈಎಸ್‌ಕ್ಯೂಎಲ್ ಒಳಗೆ ಹೋಗಿ ‘ಸೆಲೆಕ್ಟ್ @@ಡೇಟಾಡಿರ್’ ಕೇಳಿದರೆ ಹಳೆ ದಾರಿಯನ್ನೇ ತೋರಿಸಿತು. ಆ ಡಿಲೀಟ್ ಒತ್ತಿದ್ದರೆ ಹೋಯ್ತು, ವ್ಯಾಪಾರದ ಲೆಕ್ಕವೇ ಇರುತ್ತಿರಲಿಲ್ಲ.

ಇನ್ನೊಂದು ಮುಚ್ಚಿಕೊಂಡಿದ್ದ ಹುಳುಕು ಆಮೇಲೆ ಸಿಕ್ಕಿತು. ಉಬುಂಟು ಕೊಡುವ ಕಾನ್ಫಿಗ್‌ನಲ್ಲಿ ಬೈಂಡ್ ಅಡ್ರೆಸ್ 127.0.0.1 ಇರುತ್ತದೆ, ಅದೇ ಮಷೀನಿನವರಿಗೆ ಮಾತ್ರ ಬಾಗಿಲು. ಫೈಲೇ ಓದದಿದ್ದರೆ ಮೈಎಸ್‌ಕ್ಯೂಎಲ್ ತನ್ನ ಡೀಫಾಲ್ಟ್ ಪ್ರಕಾರ ಎಲ್ಲ ನೆಟ್‌ವರ್ಕ್‌ಗೂ ಬಾಗಿಲು ತೆಗೆಯುತ್ತದೆ. ನಮ್ಮದು ರೂಟರ್ ಹಿಂದೆ ಇತ್ತು, ಬಚಾವ್. ಆದರೂ ಅಂಗಡಿಯ ವೈಫೈ ಸಿಕ್ಕವರಿಗೆಲ್ಲ ಮೈಎಸ್‌ಕ್ಯೂಎಲ್‌ನ ಬಾಗಿಲಾದ 3306 ಪೋರ್ಟ್ ಕಾಣುತ್ತಿತ್ತು.

ಹಾಗಾದರೆ ಮೊದಲ ಸಲ ಯಾಕೆ ಏಳಲಿಲ್ಲ? ಆಪ್‌ಆರ್ಮರ್ ಎನ್ನುವ ಕಾವಲು ವ್ಯವಸ್ಥೆ. ಉಬುಂಟುವಿನಲ್ಲಿ ಮೈಎಸ್‌ಕ್ಯೂಎಲ್ ಯಾವ ಫೋಲ್ಡರ್ ಮುಟ್ಟಬಹುದು ಅಂತ ಬೇರೆಯೇ ಪಟ್ಟಿ ಇರುತ್ತದೆ. ಆ ಪಟ್ಟಿಯಲ್ಲಿ ಇಲ್ಲದ ಫೋಲ್ಡರಿಗೆ ನೀವು 777 ಕೊಟ್ಟರೂ ಅಷ್ಟೇ. ಮನೆ ಬೀಗ ತೆಗೆದಿಟ್ಟರೂ ಗೇಟಿನ ವಾಚ್‌ಮನ್ ಬಿಡಬೇಕಲ್ವಾ? ಲಿನಕ್ಸ್ ಕರ್ನಲ್ ಬರೆಯುವ ಸಂದೇಶಗಳನ್ನು ತೋರಿಸುವ ಡಿಮೆಸೇಜ್ ನೋಡಿದರೆ ‘ಡಿನೈಡ್’ ಅನ್ನುವ ಸಾಲು, ಪಕ್ಕದಲ್ಲೇ ಫೋಲ್ಡರಿನ ಹೆಸರು ಸಿಗುತ್ತದೆ.

ನಾನು ಮಾಡಿದ್ದು ಇಷ್ಟು. ಸರ್ವರ್ ನಿಲ್ಲಿಸಿ, ಆರ್‌ಸಿಂಕ್ -ಎ ಕೊಟ್ಟು ಮತ್ತೆ ಕಾಪಿ ಮಾಡಿದೆ, ಮಾಲೀಕರು, ಪರ್ಮಿಷನ್ ಎಲ್ಲ ಹಾಗೇ ಬರಲಿ ಅಂತ. ಹೊಸ ಫೋಲ್ಡರ್ ಮೈಎಸ್‌ಕ್ಯೂಎಲ್ ಯೂಸರ್ ಹೆಸರಿಗೆ, 700 (ಮಾಲೀಕರಿಗೆ ಮಾತ್ರ ಪ್ರವೇಶ). ಕಾನ್ಫಿಗ್ ಫೈಲುಗಳು ರೂಟ್ (ಸರ್ವರ್‌ನ ಮುಖ್ಯ ಯೂಸರ್) ಹೆಸರಿಗೆ, 644 (ಮಾಲೀಕರು ತಿದ್ದಬಹುದು, ಉಳಿದವರು ಓದಬಹುದು ಅಷ್ಟೇ). /ಇಟಿಸಿ/ಆಪ್‌ಆರ್ಮರ್.ಡಿ/ಟ್ಯೂನಬಲ್ಸ್/ಏಲಿಯಾಸ್ ಫೈಲಿನಲ್ಲಿ ಒಂದು ಸಾಲು: ಏಲಿಯಾಸ್, ಹಳೆ ದಾರಿ, ಬಾಣದ ಗುರುತು, ಹೊಸ ದಾರಿ, ಕೊನೆಗೊಂದು ಕಾಮಾ. ಆ ಕಾಮಾ ಬಿಟ್ಟರೆ ಪ್ರೊಫೈಲ್ ಲೋಡೇ ಆಗಲ್ಲ. ಆಪ್‌ಆರ್ಮರ್ ರೀಲೋಡ್, ಆಮೇಲೆ ಮೈಎಸ್‌ಕ್ಯೂಎಲ್ ಸ್ಟಾರ್ಟ್. ಒಂದೇ ಸಲಕ್ಕೆ ಎದ್ದಿತು. ಎಲ್ಲೂ 777 ಬೇಕಾಗಲಿಲ್ಲ.

ಕೆಲಸ ಮುಗೀತು ಅಂದವರಿಗೆ ದುಡ್ಡು ಕೊಡುವ ಮುಂಚೆ ಆ @@ಡೇಟಾಡಿರ್ ಸಾಲನ್ನು ನಿಮ್ಮ ಎದುರೇ ಹಾಕಿಸಿ ನೋಡಿ. ಬ್ಯಾಕಪ್ ಬೇರೆ ಮಷೀನಿನಲ್ಲಿ ತೆರೆಸಿ, ನಿನ್ನೆಯ ಬಿಲ್ ತೋರಿಸಿ ಅನ್ನಿ.

ಪೋಸ್ಟ್‌ಗ್ರೆಸ್ ಎನ್ನುವ ಇನ್ನೊಂದು ಡೇಟಾಬೇಸ್ ಇಟ್ಟುಕೊಂಡವರು ಈ ವಿಷಯದಲ್ಲಿ ಪುಣ್ಯವಂತರು. ಅದರ ಡೇಟಾ ಫೋಲ್ಡರಿಗೆ 777 ಕೊಟ್ಟರೆ ಅದು ಏಳುವುದೇ ಇಲ್ಲ, 700 ಅಥವಾ 750 ಇರಬೇಕು ಅಂತ ಮುಖಕ್ಕೇ ಹೇಳುತ್ತದೆ. ರೆಡ್‌ಹ್ಯಾಟ್ ಕಡೆಯ ಲಿನಕ್ಸ್ ಆದರೆ ಆಪ್‌ಆರ್ಮರ್ ಜಾಗದಲ್ಲಿ ಎಸ್‌ಇಲಿನಕ್ಸ್ ಇರುತ್ತದೆ. ಅಲ್ಲಿ ಸೆಮ್ಯಾನೇಜ್ ಕಮಾಂಡಿನಿಂದ ಹೊಸ ಫೋಲ್ಡರಿಗೆ ಡೇಟಾಬೇಸಿನ ಲೇಬಲ್ ಗೊತ್ತುಮಾಡಿ, ಅದು ಫೈಲುಗಳಿಗೆ ಹತ್ತಲು ರಿಸ್ಟೋರ್‌ಕಾನ್ ಓಡಿಸಬೇಕು. ‘ಎಸ್‌ಇಲಿನಕ್ಸ್ ಆಫ್ ಮಾಡಿ ಕೊಡ್ತೀನಿ, ಎರಡು ನಿಮಿಷದ ಕೆಲಸ’ ಅಂದರೆ ಅವರಿಗೂ ಬೇಡ ಅನ್ನಿ.