ಲಿನಕ್ಸ್ ಡೆಸ್ಕ್‌ಟಾಪಿನ ಎರಡು ಕ್ಲಿಪ್‌ಬೋರ್ಡ್‌ಗಳು ಮತ್ತು ಕ್ಲಿಪರ್: ದೀರ್ಘ ಬಳಕೆಯ ನಂತರ

ಲಿನಕ್ಸಿನ ಡೆಬಿಯನ್ ಆವೃತ್ತಿಯ ಮೇಲೆ ಕೆಡಿಇ ಪ್ಲಾಸ್ಮಾ ಎಂಬ ಡೆಸ್ಕ್‌ಟಾಪ್ ಹಾಕಿಕೊಂಡು ಹಲವು ವರ್ಷಗಳಿಂದ ತಾಂತ್ರಿಕ ಬರಹಗಳ ಅನುವಾದ ಮಾಡುತ್ತಿದ್ದೇನೆ. ಒಂದು ವಿಂಡೊದಿಂದ ಪಠ್ಯವನ್ನು ಎತ್ತಿ ಇನ್ನೊಂದರಲ್ಲಿ ಇಡುವುದೇ ಈ ಕೆಲಸದ ದೊಡ್ಡ ಪಾಲು. ಲಿನಕ್ಸಿನಲ್ಲಿ ಇದಕ್ಕಿರುವ ಏರ್ಪಾಡು ಬಹಳ ಚೆನ್ನಾಗಿದೆ. ಆದರೆ ನಕಲಿಸಿದ್ದನ್ನು ನೋಡಿಕೊಳ್ಳುವ, ಪ್ಲಾಸ್ಮಾದ ಕ್ಲಿಪರ್‌ನಂತಹ ನಿರ್ವಾಹಕ ತಂತ್ರಾಂಶ ಜೊತೆಗಿಲ್ಲದಿದ್ದರೆ ಅದು ಅರ್ಧಂಬರ್ಧವೇ ಸರಿ.

ಇಲ್ಲಿ ಪಠ್ಯ ಹಿಡಿದಿಡುವ ಜಾಗಗಳು ಎರಡು. ಕಂಟ್ರೋಲ್+ಸಿ ಒತ್ತಿದಾಗ ತುಂಬುವುದು ಎಲ್ಲರಿಗೂ ಪರಿಚಿತವಾದ ಕ್ಲಿಪ್‌ಬೋರ್ಡ್. ಇನ್ನೊಂದರ ಹೆಸರು ಪ್ರೈಮರಿ. ಮೌಸಿನಿಂದ ಪಠ್ಯವನ್ನು ಆಯ್ದ ಕ್ಷಣವೇ ಅದು ತುಂಬುತ್ತದೆ, ಮೌಸಿನ ಚಕ್ರವನ್ನು ಒತ್ತಿದರೆ ಅಂಟುತ್ತದೆ. ಇಂಗ್ಲಿಷ್ ವಾಕ್ಯವೊಂದನ್ನು ಕಂಟ್ರೋಲ್+ಸಿ ಒತ್ತಿ ಇಟ್ಟುಕೊಂಡು, ಅದರಲ್ಲಿನ ತೊಡಕಿನ ಪದವೊಂದರ ಮೇಲೆ ಎರಡು ಬಾರಿ ಕ್ಲಿಕ್ಕಿಸಿ, ನಿಘಂಟಿನ ಹುಡುಕುಪೆಟ್ಟಿಗೆಯಲ್ಲಿ ಚಕ್ರ ಒತ್ತಿದರೆ ಪದ ಅಲ್ಲಿಗೆ ಬರುತ್ತದೆ; ಮೊದಲು ಇಟ್ಟುಕೊಂಡ ವಾಕ್ಯ ಕಂಟ್ರೋಲ್+ವಿಗಾಗಿ ಹಾಗೆಯೇ ಕಾದಿರುತ್ತದೆ. ಈ ಸೌಕರ್ಯ ಒಮ್ಮೆ ಕೈಗೆ ಹತ್ತಿದ ಮೇಲೆ ವಿಂಡೋಸ್ ಯಂತ್ರದ ಮುಂದೆ ಕುಳಿತಾಗ ಬೆರಳುಗಳು ತಡವರಿಸುತ್ತವೆ. ಇದಕ್ಕೊಂದು ಮಿತಿಯೂ ಇದೆ: ಹಳೆಯ ಪದವನ್ನು ಅಳಿಸಿ ಅದೇ ಜಾಗದಲ್ಲಿ ಹೊಸದನ್ನು ಹಾಕಲೆಂದು ಹಳೆಯದನ್ನು ಆಯ್ದರೆ, ಆ ಆಯ್ಕೆಯೇ ಪ್ರೈಮರಿಯನ್ನು ಆಕ್ರಮಿಸಿಕೊಳ್ಳುತ್ತದೆ. ಬದಲಾಯಿಸಿ ಬರೆಯುವ ಕೆಲಸಕ್ಕೆ ಕಂಟ್ರೋಲ್+ವಿಯೇ ಗತಿ.

ಕೀಲಿಗಳ ವಿಷಯದಲ್ಲಿ ಮಾತ್ರ ನನಗೆ ಸಮಾಧಾನವಿಲ್ಲ. ಆದೇಶಗಳನ್ನು ಟೈಪಿಸುವ ಟರ್ಮಿನಲ್‌ನಲ್ಲಿ ಕಂಟ್ರೋಲ್+ಸಿ ಎಂದರೆ ನಡೆಯುತ್ತಿರುವ ಕೆಲಸವನ್ನು ನಿಲ್ಲಿಸು ಎಂಬ ಆದೇಶವಾದ್ದರಿಂದ, ನಕಲಿಸಲು ಅಲ್ಲಿ ಶಿಫ್ಟ್ ಕೂಡ ಸೇರಿಸಬೇಕು. ಅದೇ ಅಭ್ಯಾಸದಲ್ಲಿ ಫೈರ್‌ಫಾಕ್ಸ್‌ಗೆ ಬಂದು ಕಂಟ್ರೋಲ್+ಶಿಫ್ಟ್+ಸಿ ಒತ್ತಿದರೆ ನಕಲಾಗುವ ಬದಲು ಡೆವಲಪರ್‌ಗಳ ಪರಿಶೀಲನಾ ಫಲಕ ತೆರೆದುಕೊಳ್ಳುತ್ತದೆ. ಶಿಫ್ಟ್+ಇನ್ಸರ್ಟ್ ಫೈರ್‌ಫಾಕ್ಸ್‌ನಲ್ಲಿ ಕ್ಲಿಪ್‌ಬೋರ್ಡನ್ನು ಅಂಟಿಸಿದರೆ, ಎಕ್ಸ್‌ಟರ್ಮ್ ಎಂಬ ಟರ್ಮಿನಲ್‌ನಲ್ಲಿ ಪ್ರೈಮರಿಯನ್ನು ಅಂಟಿಸುತ್ತದೆ. ಪ್ರತಿಯೊಂದಕ್ಕೂ ಐತಿಹಾಸಿಕ ಕಾರಣವಿದೆ ಎಂಬುದು ನಿಜ, ಆದರೆ ಹೊಸಬರಿಗೆ ಕಾರಣ ತಿಳಿಸಿದ ಮಾತ್ರಕ್ಕೆ ಕಿರಿಕಿರಿ ತಪ್ಪುವುದಿಲ್ಲ.

ಕ್ಲಿಪರ್ ಏಕೆ ಬೇಕು ಎಂಬುದು ವಿಂಡೊಗಳನ್ನು ತೆರೆಯ ಮೇಲೆ ತೋರಿಸುವ ವ್ಯವಸ್ಥೆಯಾದ ಎಕ್ಸ್11ರ ಒಳಗುಟ್ಟನ್ನು ತಿಳಿದರೆ ಸ್ಪಷ್ಟವಾಗುತ್ತದೆ. ಇಲ್ಲಿ ನಕಲಿಸಿದಾಗ ಪಠ್ಯ ಎಲ್ಲಿಗೂ ಹೋಗುವುದಿಲ್ಲ. ಅದು ತನ್ನ ಬಳಿ ಇದೆಯೆಂದು ಮೂಲ ತಂತ್ರಾಂಶ ಘೋಷಿಸುತ್ತದೆ ಅಷ್ಟೆ, ಅಂಟಿಸುವಾಗ ಇನ್ನೊಂದು ತಂತ್ರಾಂಶ ಅದನ್ನು ಕೇಳಿ ಪಡೆಯುತ್ತದೆ. ನಡುವೆ ಮೂಲ ತಂತ್ರಾಂಶವನ್ನು ಮುಚ್ಚಿದರೆ, ಪಠ್ಯವನ್ನು ಬೇರೆ ಯಾರೂ ವಹಿಸಿಕೊಂಡಿರದಿದ್ದರೆ, ನಕಲೂ ಮಾಯ. ಎಕ್ಸ್11ರ ಜಾಗಕ್ಕೆ ಬಂದಿರುವ ಹೊಸ ವ್ಯವಸ್ಥೆ ವೇಲ್ಯಾಂಡ್‌ನಲ್ಲಿಯೂ ಕೊಡುವವರು, ಕೇಳುವವರು ಎಂಬ ಈ ಕ್ರಮವೇ ಮುಂದುವರಿದಿದೆ. ಕ್ಲಿಪರ್ ನಕಲಿಸಿದ್ದನ್ನು ತಾನೇ ಪಡೆದು ಇಟ್ಟುಕೊಳ್ಳುತ್ತದೆ. ಮೆಟಾ+ವಿ (ಮೆಟಾ ಎಂದರೆ ವಿಂಡೋಸ್ ಗುರುತಿನ ಕೀಲಿ) ಒತ್ತಿದರೆ ಹಿಂದಿನ ನಕಲುಗಳ ಪಟ್ಟಿಯೂ ಬರುತ್ತದೆ, ಅದರಲ್ಲಿ ಕನ್ನಡದಲ್ಲೇ ಟೈಪಿಸಿ ಹುಡುಕಬಹುದು. ಎರಡೂ ಜಾಗಗಳನ್ನು ಒಂದೇ ಆಗಿಸುವ ಆಯ್ಕೆಯೊಂದು ಅದರ ಸೆಟ್ಟಿಂಗ್‌ನಲ್ಲಿದೆ. ಅದನ್ನು ಆನ್ ಮಾಡುವುದೆಂದರೆ ಲಿನಕ್ಸಿನ ಒಳ್ಳೆಯ ಗುಣವನ್ನು ಕೈಯಾರೆ ಬಿಟ್ಟುಕೊಟ್ಟಂತೆ. (ಯೂನಿಕೋಡ್‌ಗೆ ಹಿಂದಿನ ಫಾಂಟುಗಳಲ್ಲಿರುವ ಕನ್ನಡ ಪಿಡಿಎಫ್‌ನಿಂದ ನಕಲಿಸಿದಾಗ ಲ್ಯಾಟಿನ್ ಅಕ್ಷರಗಳ ಗೋಜಲು ಬಂದರೆ ದೂರಬೇಕಾದದ್ದು ಆ ಕಡತವನ್ನೇ ಹೊರತು ಕ್ಲಿಪ್‌ಬೋರ್ಡನ್ನಲ್ಲ.)

ನಕಲುಗಳ ಇತಿಹಾಸ ಉಳಿಯುತ್ತದೆ ಎಂದರೆ ಪಾಸ್‌ವರ್ಡ್ ಕೂಡ ಉಳಿದೀತು ಎಂಬ ಆತಂಕ ಸಹಜ. ಪಾಸ್‌ವರ್ಡ್‌ಗಳನ್ನು ಕಾಪಿಡುವ ತಂತ್ರಾಂಶವಾದ ಕೀಪಾಸ್‌ಎಕ್ಸ್‌ಸಿಯಿಂದ ನಕಲಿಸಿದರೆ ಇದು ಗೌಪ್ಯ ಎಂಬ ಗುರುತು ಪಠ್ಯದ ಜೊತೆಗೇ ಬರುತ್ತದೆ, ಕ್ಲಿಪರ್ ಅದನ್ನು ಪಟ್ಟಿಗೆ ಸೇರಿಸುವುದಿಲ್ಲ. ಟಿಪ್ಪಣಿ ಕಡತದಿಂದ ಕೈಯಾರೆ ನಕಲಿಸಿದ ಪಾಸ್‌ವರ್ಡಿಗೆ ಈ ರಕ್ಷಣೆಯಿಲ್ಲ, ಪಟ್ಟಿಯಿಂದ ಅದನ್ನು ನಾವೇ ಅಳಿಸಬೇಕು.

ಟರ್ಮಿನಲ್‌ನ ಆದೇಶಗಳ ಮೂಲಕ ನಕಲಿಸುವವರು ಒಂದನ್ನು ಗಮನಿಸಬೇಕು: ಎಕ್ಸ್11ರ ಎಕ್ಸ್‌ಕ್ಲಿಪ್ ಎಂಬ ಆದೇಶ, ಬೇರೆ ಸೂಚನೆ ಕೊಡದಿದ್ದರೆ, ಪಠ್ಯವನ್ನು ಪ್ರೈಮರಿಗೆ ಹಾಕುತ್ತದೆ, ಆದ್ದರಿಂದ ಕಂಟ್ರೋಲ್+ವಿ ಒತ್ತಿದಾಗ ಹಳೆಯ ನಕಲೇ ಬರುತ್ತದೆ. ವೇಲ್ಯಾಂಡ್‌ನ ಡಬ್ಲ್ಯುಎಲ್-ಕಾಪಿ ಎಂಬ ಆದೇಶ ನೇರವಾಗಿ ಕ್ಲಿಪ್‌ಬೋರ್ಡಿಗೆ ಹಾಕುತ್ತದೆ, ಪ್ರೈಮರಿ ಬೇಕಿದ್ದರಷ್ಟೇ ಬೇರೆಯಾಗಿ ಸೂಚಿಸಬೇಕು. ನನಗೆ ಈ ಎರಡನೆಯ ಕ್ರಮವೇ ಸರಿಯೆನಿಸುತ್ತದೆ.