ಮೈಸೂರಿನ ಹೆಬ್ಬಾಳ್, ಹೂಟಗಳ್ಳಿ ಕಡೆ ಹೊಸದಾಗಿ ಕೆಲಸಕ್ಕೆ ಸೇರೋರು ದಯವಿಟ್ಟು ಓದಿ

ನಾನು ಬಿಟ್ಟ ಕಂಪನಿ ಹೆಸರು ಹೇಳಲ್ಲ, ಅಲ್ಲಿ ನಂಗೆ ಕಾಟ ಕೊಟ್ಟ ಟೀಮ್ ಲೀಡ್ ಹೆಸರೂ ಬೇಡ, ಅಂಥೋರು ಎಲ್ಲಾ ಆಫೀಸಲ್ಲೂ ಸಿಗ್ತಾರೆ. ಸೇರಿದ ಹೊಸತರಲ್ಲಿ ಕ್ಯಾಂಟೀನಲ್ಲಿ ಎದುರು ಕೂತ್ಕೊಂಡು "ನಿನ್ನಷ್ಟು ಚುರುಕಾಗಿರೋರು ಈ ಟೀಮಲ್ಲಿ ಯಾರೂ ಇಲ್ಲ ಕಣಮ್ಮ" ಅಂತ ಹೊಗಳೋರು, ಮನೆ ಕಷ್ಟ ಎಲ್ಲಾ ಕೇಳೋರು, ನಾನೂ ಮಂಡ್ಯದಲ್ಲಿ ಅಪ್ಪಂಗೆ ಡಯಾಲಿಸಿಸ್ ನಡೀತಿರೋದು, ವಾರವಾರ ಓಡಾಡೋದು ಎಲ್ಲಾ ಹೇಳಿದ್ದೆ. ಅಪ್ರೈಸಲ್ ಹೊತ್ತಿಗೆ ಅದೇ ಮಾತು "ಇವ್ರ ಗಮನ ಮನೆ ಕಡೆ ಜಾಸ್ತಿ, ಜವಾಬ್ದಾರಿ ಕೊಡೋಕಾಗಲ್ಲ" ಅಂತಾಗಿ ಎಚ್‌ಆರ್ ಬಾಯಲ್ಲಿ ಬಂತು. ಕೈಕಾಲೇ ಆಡ್ಲಿಲ್ಲ ನಂಗೆ.

ನಾನು ಮಾಡಿದ ವೆಂಡರ್ ರಿಪೋರ್ಟ್ ಅವರ ಹೆಸರಲ್ಲಿ ಮೇಲಕ್ಕೆ ಹೋಯ್ತು, ಅವರೇ ಫೋನ್ ಮಾಡಿ ಬದಲಾಯಿಸು ಅಂದ ಒಂದು ರೇಟು ತಪ್ಪು ಅಂತ ಗೊತ್ತಾದಾಗ ಮಾತ್ರ ನನ್ನ ಹೆಸರು ಹೊರಗೆ ಬಂತು. ಇನ್ನೊಂದು ಕಡೆ ಒಬ್ಬೊಬ್ಬರನ್ನೂ ಪಕ್ಕಕ್ಕೆ ಕರೆದು ಇನ್ನೊಬ್ಬರ ಮೇಲೆ ಚಾಡಿ, ಕೊನೆಗೆ ಒಟ್ಟಿಗೆ ಊಟ ಮಾಡ್ತಿದ್ದ ನಾವೇ ಮುಖ ನೋಡದಂಗಾದ್ವಿ. ಮ್ಯಾನೇಜರ್ ಮುಂದೆ ಮಾತ್ರ ಬಲು ವಿನಯ.

ಕೆಲಸ ಬಿಟ್ಟಮೇಲೆ ಇದ್ರ ಬಗ್ಗೆ ಓದಿದೆ. ಪಾಲ್‌ಹಸ್ ಮತ್ತೆ ವಿಲಿಯಮ್ಸ್ ಅನ್ನೋ ಮನಶ್ಶಾಸ್ತ್ರಜ್ಞರು 2002ರಲ್ಲಿ ಮೂರು ಗುಣಗಳನ್ನ ಸೇರಿಸಿ ಡಾರ್ಕ್ ಟ್ರಯಡ್ ಅಂತ ಹೆಸರಿಟ್ರು: ನಾನೇ ದೊಡ್ಡೋನು ಅನ್ನೋ ನಾರ್ಸಿಸಿಸಮ್, ಜನರನ್ನ ದಾಳವಾಗಿ ಬಳಸೋ ಮ್ಯಾಕಿಯಾವೆಲಿಯನಿಸಮ್, ಇನ್ನೊಬ್ಬರ ನೋವು ತಟ್ಟದೇ ಇರೋ ಸೈಕೋಪತಿ. ಇವು ಹೆಚ್ಚು ಕಮ್ಮಿ ಪ್ರಮಾಣದಲ್ಲಿ ಎಲ್ಲರಲ್ಲೂ ಇರೋವೇ, ಹಂಗಾಗಿ ಬೈದ ಬಾಸ್‌ನೆಲ್ಲ ಸೈಕೋ ಅಂತ ಕರೀಬೇಡಿ, ಅದು ನ್ಯಾಯ ಅಲ್ಲ.

ಆದ್ರೆ 2012ರಲ್ಲಿ ಓಬಾಯ್ಲ್ ಅನ್ನೋ ಸಂಶೋಧಕರು ಮತ್ತೆ ಜೊತೆಗಾರರು 245 ಸ್ಯಾಂಪಲ್ (ಅಂದ್ರೆ ಬೇರೆ ಬೇರೆ ಅಧ್ಯಯನಗಳಲ್ಲಿ ನೋಡಿದ ಗುಂಪುಗಳು), ಸುಮಾರು 44,000 ಜನರ ಮಾಹಿತಿ ಒಟ್ಟು ಮಾಡಿ ನೋಡಿದಾಗ, ಮೂರೂ ಗುಣಕ್ಕೂ ಆಫೀಸಲ್ಲಿ ಜೊತೆಗಾರರಿಗೆ, ಕಂಪನಿಗೆ ಹಾನಿ ಮಾಡೋ ನಡವಳಿಕೆಗೂ ನಂಟು ಕಾಣಿಸ್ತು. ಮ್ಯಾಕಿಯಾವೆಲಿಯನಿಸಮ್, ಸೈಕೋಪತಿ ಜಾಸ್ತಿ ಇದ್ದೋರ ಕೆಲಸದ ಗುಣಮಟ್ಟ ಸ್ವಲ್ಪ ಕಮ್ಮಿನೇ ಇತ್ತು. "ಮನುಷ್ಯ ಹೆಂಗಾದ್ರೂ ಇರ್ಲಿ, ಕೆಲಸ ತೆಗೀತಾನೆ" ಅಂತ ನಮ್ ಮ್ಯಾನೇಜರ್ ಹೇಳ್ತಿದ್ರಲ್ಲ, ಆ ಮಾತಿಗೆ ಇಲ್ಲಿ ಆಧಾರ ಸಿಗಲ್ಲ.

ಹಂಗಾಗಿ ಇಂಥೋರು ಫೋನಲ್ಲಿ ಹೇಳಿದ್ದನ್ನ "ನೀವು ಹೇಳಿದಂಗೆ ಬದಲಾಯಿಸಿದೀನಿ ಸರ್" ಅಂತ ಅವತ್ತೇ ಮೇಲ್ ಹಾಕಿ. ಬೇರೆಯವರ ಬಗ್ಗೆ ಏನಾದ್ರೂ ಕಿವಿಗೆ ಬಿದ್ರೆ ಅವರನ್ನೇ ಹೋಗಿ ಕೇಳಿ, ನಾವು ಕೇಳಿದ ದಿನವೇ ಅರ್ಧ ಸುಳ್ಳು ಬಯಲಾಯ್ತು. ಮನೆ ವಿಷಯ ಯಾರಿಗೆ ಹೇಳ್ತೀರ ನೋಡ್ಕೊಳ್ಳಿ. ಇಂಟರ್‌ವ್ಯೂಲಿ ಸಂಬಳದ ಜೊತೆಗೆ, ಈ ಟೀಮಿಂದ ಇತ್ತೀಚೆಗೆ ಎಷ್ಟು ಜನ ಬಿಟ್ಟೋದ್ರು, ಯಾಕೆ ಬಿಟ್ರು ಅಂತಾನೂ ಕೇಳಿ.